ಹೋತಕ್ಕೆ ಹಾಕಿದ ಬರೆ

ಹೋತದ ಬೀಜದ ಮೇಲಿಟ್ಟ ಚೂರಿ ಒಳಗೆ ಇಳಿಯಲಿಲ್ಲ. ಜುವೈನಾ ಇನ್ನೊಮ್ಮೆ ಒತ್ತಿದಳು. ಸುಣ್ಣದ ಕಲ್ಲಿಗೆ ತಾಗಿದಂತೆ ಕರಕರ ಎಂದಿತು.

ಮಗ ನಬ್ಹಾನನಿಗೆ ಎರಡನೆಯ ಮದುವೆ ಮಾತಾಡಲು ಹೆಣ್ಣಿನ ಕಡೆಯವರು ಸಂಜೆಗೆ ಬರುವವರಿದ್ದರು. ಅವರ ಮರ್ಯಾದೆಗೆಂದು ಮನೆಯ ದೊಡ್ಡ ಹೋತವನ್ನೇ ಕೊಯ್ದಿದ್ದರು. ಅದರ ಈಲಿ, ಬೀಜ ಕೆಂಡದಲ್ಲಿ ಸುಟ್ಟು ಮದುಮಗನಿಗೆ ಮೊದಲು ತಿನ್ನಿಸುವುದು ಆ ಮನೆಯ ವಾಡಿಕೆ. ಪಕ್ಕದಲ್ಲಿ ಕೂತು ಕರುಳು ತೊಳೆಯುತ್ತಿದ್ದವಳು ನಬ್ಹಾನನ ಮೊದಲ ಹೆಂಡತಿ ರಯ್ಯಾ. ಮಕ್ಕಳಾಗಿರಲಿಲ್ಲ. ‘ಕೊಟ್ಟಿಗೆಯಲ್ಲೂ ಗೊಡ್ಡು, ಮನೆಯಲ್ಲೂ ಗೊಡ್ಡು’ ಎಂದು ಜುವೈನಾ ಅಕ್ಕಪಕ್ಕದವರ ಮುಂದೆ ಆಡುತ್ತಿದ್ದ ಮಾತು ಅವಳ ಕಿವಿಗೂ ಬಿದ್ದಿತ್ತು.

ಕೊನೆಗೂ ಚೂರಿ ಇಳಿಯಿತು. ಒಳಗೆ ಒಡೆದ ಮೊಸರಿನಂಥ ಹಳದಿ ಕೀವು. ಸುತ್ತ ಬೆಳ್ಳಗೆ ಬಿಗಿದುಕೊಂಡ, ಸತ್ತ ಮಾಂಸ. ಇನ್ನೊಂದನ್ನು ಸೀಳಿದಳು. ಅದೂ ಹಾಗೇ.

“ಹೋದ ಚಳಿಗಾಲ ಜ್ವರ ಬಂದಿತ್ತಲ್ಲ ಅತ್ತೆ, ಇದಕ್ಕೆ.”

“ಬರೆ ಹಾಕಿದ್ನಲ್ಲೇ. ಬೀಜದ ಬಾವು ಇಳೀತು, ಎದ್ದು ಮೇವು ತಿಂತು. ಊರೇ ನನ್ನ ಕೈಗುಣ ಹೊಗಳ್ತು.”

“ಆಮೇಲೆ ಒಂದು ಆಡೂ ಗಬ್ಬ ಕಟ್ಟಲಿಲ್ಲ,” ರಯ್ಯಾ ಕರುಳಿನಿಂದ ಕಣ್ಣೆತ್ತಲಿಲ್ಲ. “ಗೊಡ್ಡು ಅಂತ ಆಡುಗಳನ್ನ ಮಾರಿಬಿಟ್ವಿ.”

ಜುವೈನಾಳ ಕೈ ನಿಂತಿತು. ರಯ್ಯಾಳನ್ನು ಮದುವೆಯಾಗುವ ಹಿಂದಿನ ವರ್ಷ ನಬ್ಹಾನ ಕೆನ್ನೆ ಊದಿಕೊಂಡು ಜ್ವರದಲ್ಲಿ ಬಿದ್ದಿದ್ದ. ಆಮೇಲೆ ಬಾವು ಬೀಜಕ್ಕಿಳಿದು, ಕಾಲು ಅಗಲಿಸಿ ನಡೆಯುತ್ತಿದ್ದ. ನಾಚಿಕೆಯಿಂದ ಯಾರಿಗೂ ಹೇಳಬೇಡ ಅಂದಿದ್ದ. ಅವನಿಗೂ ಅವಳೇ ಬರೆ ಹಾಕಿದ್ದಳು. ಅವನೂ ಎದ್ದು ಉಂಡಿದ್ದ. ಅದೇ ಬರೆಯ ಕಬ್ಬಿಣವನ್ನು ಕಾಯಿಸಿ ಈ ವಸಂತದಲ್ಲಿ, ಬಸಿರು ನಿಲ್ಲಲಿ ಎಂದು, ರಯ್ಯಾಳ ಕಿಬ್ಬೊಟ್ಟೆಗೂ ಇಟ್ಟಿದ್ದಳು.

ನಬ್ಹಾನ ಬಾಗಿಲಲ್ಲಿ ಇಣುಕಿದ. “ಆಯ್ತೇನಮ್ಮಾ? ಮದುಮಗನ್ನ ಉಪವಾಸ ಕೆಡವ್ತೀಯಾ?”

ಜುವೈನಾ ಸೀಳಿದ ಬೀಜಗಳಿದ್ದ ಬೋಗುಣಿಯ ಮೇಲೆ ಸೆರಗು ಮುಚ್ಚಿದಳು.

“ಅವರಿಗೆ ಫೋನ್ ಮಾಡಿ ಇವತ್ತು ಬರೋದು ಬೇಡ ಅನ್ನು. ನಾಳೆ ನೀನು ನನ್ನ ಜೊತೆ ನಿಜ್ವಾ ಪಟ್ಟಣದ ಆಸ್ಪತ್ರೆಗೆ ಬರ್ತೀಯ.”

“ಯಾಕೆ, ಯಾರಿಗೆ ಹುಷಾರಿಲ್ಲ?”

ಅವಳು ಬೋಗುಣಿಯನ್ನು ಹಿಂದಕ್ಕೆ ಸರಿಸಿದಳು. ಅವನು ಗೊಣಗುತ್ತ ಹೋದ. ಜುವೈನಾ ಕೈಯ ರಕ್ತವನ್ನು ತಿಕ್ಕಿ ತಿಕ್ಕಿ ತೊಳೆದು, ಒರೆಸಿ, ಸೊಸೆಯ ಹೊಟ್ಟೆಯ ಕಡೆಗೆ ಚಾಚಿದಳು. ಮುಟ್ಟುವ ಧೈರ್ಯವಾಗಲಿಲ್ಲ.

“ಗಾಯ ಆರಿದೆಯೇನೇ?”

“ಮೇಲುಗಡೆ ಆರಿದೆ, ಅತ್ತೆ,” ಎಂದಳು ರಯ್ಯಾ.