ಮೂವತ್ತೊಂದನೇ ನಂಬರು

"ಎಡಗಡೆಯಿಂದ ಹೊಡೆತ... ತಡೆದಳು! ಡಾರ್ಸಿ ಮೆಲ್ನಿಕ್ ಮಂಡಿಯೂರಿ ತಡೆದಳು! ಏನ್ ಹುಡುಗೀನಪ್ಪಾ ಇವಳು!"

ಆಟದಂಗಳದ ಮೇಲಿನ ಪುಟ್ಟ ಕೋಣೆಯಲ್ಲಿ ಗ್ರಾಂಟ್ ಮೈಕನ್ನು ತುಟಿಗೆ ಒತ್ತಿಕೊಂಡು ನಿಂತೇ ಇದ್ದ. ದೊಡ್ಡವರ ಐಸ್ ಹಾಕಿ ಪಂದ್ಯಗಳಿಗೆ ರೇಡಿಯೋದಲ್ಲಿ ವೀಕ್ಷಕ ವಿವರಣೆ ಕೊಡುತ್ತ ಊರೂರು ಸುತ್ತುವವನು, ಬೆಳಿಗ್ಗೆ ತಂಡದ ಬಸ್ಸಿನಿಂದ ಇಳಿದವನೇ ಮನೆಗೂ ಹೋಗದೆ ತನ್ನೂರಿನ ರಿಂಕಿಗೆ, ಮಂಜುಗಡ್ಡೆಯ ಆಟದಂಗಳಕ್ಕೆ, ಓಡಿಬಂದಿದ್ದ. ಹದಿಮೂರರ ಮಗಳು ಗೋಲು ಕಾಯುವುದನ್ನು ಈ ಚಳಿಗಾಲದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಬೇರೆಯಾದ ಹೆಂಡತಿ ಏಪ್ರಿಲ್‌ನಲ್ಲಿ ದೇಶದ ಇನ್ನೊಂದು ತುದಿಯ ಹ್ಯಾಲಿಫ್ಯಾಕ್ಸ್‌ಗೆ ಹೊರಡುವವಳಿದ್ದಳು. ಅಮ್ಮನ ಜೊತೆ ಹೋಗುವುದೋ, ಅಪ್ಪನ ಜೊತೆ ಇಲ್ಲೇ ಉಳಿಯುವುದೋ, ಡಾರ್ಸಿ ಇವತ್ತು ಹೇಳಬೇಕಿತ್ತು.

ಮೈಕ್ ಕೊಟ್ಟವನು ಲಾಯ್ಡ್, ರಿಂಕಿನಲ್ಲಿ ಪಂದ್ಯದ ಗಡಿಯಾರ ನೋಡಿಕೊಳ್ಳುವ ಮುದುಕ. "ಇಡೀ ಸಸ್ಕಾಚೆವಾನ್ ಪ್ರಾಂತ್ಯ ಕೇಳೋ ಗಂಟಲು ಕಣೋ ನಿಂದು. ನಮ್ಮ ಮಕ್ಕಳಿಗೂ ಒಂಚೂರು ಖರ್ಚು ಮಾಡೋ ಮಾರಾಯ," ಅಂದಿದ್ದ. ಈಗ ಅದೇ ಲಾಯ್ಡ್ ಅವನ ತೋಳು ಜಗ್ಗುತ್ತಿದ್ದ.

"ಗ್ರಾಂಟ್, ಒಂದ್ನಿಮಿಷ, ಅದು..."

ಗ್ರಾಂಟ್ ಅಂಗೈ ಎತ್ತಿದ. ಇಪ್ಪತ್ತು ವರ್ಷದ ಅಭ್ಯಾಸ. ಮೈಕ್ ತೆರೆದಿರುವಾಗ ಪಕ್ಕದವನು ಉಸಿರೆತ್ತಕೂಡದು.

ಜೆರ್ಸಿಯ ಮೇಲೆ ಮೂವತ್ತೊಂದನೇ ನಂಬರು. ಮುಖ ಪೂರ್ತಿ ಮುಚ್ಚಿದ ಮುಖವಾಡದ ಮೇಲೆ ಬಿಳಿ ಗೂಬೆ, ಹೋದ ಹುಟ್ಟುಹಬ್ಬಕ್ಕೆ ಅವನೇ ಬರೆಸಿಕೊಟ್ಟದ್ದು. "ಮತ್ತೆ ಡಾರ್ಸಿ! ಗೋಡೆ ಕಣ್ರೀ, ಗೋಡೆ!" ಮೊದಮೊದಲು ಚಪ್ಪಾಳೆ ತಟ್ಟಿದ ತಾಯ್ತಂದೆಯರು ಈಗ ತಲೆ ತಗ್ಗಿಸಿ ತಮ್ಮ ತಮ್ಮ ಕಾಫಿ ಲೋಟ ನೋಡುತ್ತಿದ್ದರು. ಜನ ಮೈಮರೆತಿದ್ದಾರೆ ಎಂದುಕೊಂಡ ಗ್ರಾಂಟ್.

"ಅಪ್ಪ, ಮೈಕ್ ಆರಿಸು."

ಬಾಗಿಲಲ್ಲಿ ಡಾರ್ಸಿ ನಿಂತಿದ್ದಳು. ರಿಂಕಿನ ಕ್ಯಾಂಟೀನಿನ ಏಪ್ರನ್, ಮೈಯೆಲ್ಲ ಕರಿದ ಆಲೂಗಡ್ಡೆಯ ವಾಸನೆ.

ಅವನು ಕೆಳಗಿನ ಗೂಬೆಯನ್ನು ನೋಡಿದ, ಮಗಳನ್ನು ನೋಡಿದ. ಮೈಕ್ ಆರಿಸಿದ.

"ಅವಳು ಪೈಜ್. ನಾನು ಕ್ರಿಸ್‌ಮಸ್‌ಗೆ ಮುಂಚೇನೇ ಆಟ ಬಿಟ್ಟೆ. ಜೆರ್ಸಿ ಕ್ಲಬ್ಬಿಂದು. ಮುಖವಾಡ ನಾನೇ ಕೊಟ್ಟೆ."

"ನಂಗೊಂದು ಮಾತು ಹೇಳ್ಬಾರ್ದಿತ್ತೇನೇ?"

"ಹೇಳಿದ್ದೆ. ಫೋನಲ್ಲಿ. 'ಭೇಷ್ ಕಣೇ, ಹಾಗೇ ಆಡ್ತಾ ಇರು' ಅಂದೆ ನೀನು."

ಲಾಯ್ಡ್ ಕೆಮ್ಮಿ ಗಡಿಯಾರದ ಕಡೆ ತಿರುಗಿಕೊಂಡ.

"ಪೈಜ್ ಇವತ್ತೇ ಮೊದಲ್ನೇ ಸಲ ಚೆನ್ನಾಗಿ ಆಡ್ತಿರೋದು," ಅಂದಳು ಡಾರ್ಸಿ. "ಅವಳ ಅಮ್ಮ ಕೆಳಗೇ ಕೂತಿದ್ದಾರೆ. ಅವಳ ಹೆಸರು ಒಂದ್ಸಲಾನೂ ಬರ್ಲಿಲ್ಲ."

ಮೈಕಿಲ್ಲದೆ ಗ್ರಾಂಟನ ದನಿ ತೀರ ಸಣ್ಣಗೆ ಬಂತು. "ಮುಂದಿನ ಚಳಿಗಾಲ ನಾನು ಬಸ್ ಹತ್ತಲ್ಲ. ರೇಡಿಯೋನೇ ಬಿಡ್ತೀನಿ. ದಿನಾ ಸಂಜೆ ಮನೇಲಿರ್ತೀನಿ. ನೀನು ನನ್ನ ಜೊತೆ ಇದ್ಬಿಡು ಪುಟ್ಟಿ. ನಿಜವಾಗ್ಲೂ."

ಕೆಳಗೆ ಸೀಟಿ ಕೇಳಿಸಿತು. ಅವನ ಕಣ್ಣು ಅವನನ್ನು ಕೇಳದೆಯೇ ಆಟದ ಕಡೆ ಹೋಗಿ, ಬೋರ್ಡಿನ ಮೇಲೆ ಉಳಿದ ನಿಮಿಷಗಳನ್ನು ಓದಿಕೊಂಡು, ಮರಳಿ ಬಂತು.

ಡಾರ್ಸಿ ಅದು ಬರುವವರೆಗೂ ಕಾದಳು.

"ಬೇಡ ಅಪ್ಪ. ನಾನು ಅಮ್ಮನ ಜೊತೆ ಹೋಗ್ತೀನಿ," ಅಂದಳು.