ಜುಲೈ ಹದಿನಾಲ್ಕರ ಮೀಟಿಂಗ್

ಲಂಡನ್ ಆಫೀಸಿನ ನಲವತ್ತೊಂದು ಜನರನ್ನು ಇನ್ನೂ ಮೂವತ್ತು ದಿನ ಇಟ್ಟುಕೊಂಡರೆ ಕಂಪನಿಗೆ ಒಂದೂವರೆ ಲಕ್ಷ ಪೌಂಡ್ ಖರ್ಚು. ಒಂದು ಮೀಟಿಂಗಿನ ವರದಿ ತಿದ್ದಿದರೆ ಖರ್ಚೇ ಇಲ್ಲ. ಸಿಂಗಪುರದ ಕಲ್ಲಾಂಗ್ ಆಫೀಸಿನಲ್ಲಿ ಕೂತು ಲಂಡನ್ನಿನ ಎಚ್‌ಆರ್ ಕಾಗದಪತ್ರ ನೋಡಿಕೊಳ್ಳುವ ಉಮಾವತಿಯನ್ನು ಮ್ಯಾನೇಜರ್ ಅನಂತರಾಮ್ ರೂಮಿಗೆ ಕರೆದದ್ದು ಅದಕ್ಕೇ.

"ಇಪ್ಪತ್ತು ಜನ ಅಥವಾ ಜಾಸ್ತಿ ತೆಗೀಬೇಕಾದ್ರೆ ಮೂವತ್ತು ದಿನ ಮುಂಚೆ ಸ್ಟಾಫ್ ಜೊತೆ ಮಾತುಕತೆ ಶುರು ಮಾಡ್ಬೇಕು. ಬ್ರಿಟನ್ ರೂಲು, ನಿಮಗೆ ಹೇಳ್ಬೇಕಾ?" ಎಂದರು ಅನಂತರಾಮ್. "ಜುಲೈ ಹದಿನಾಲ್ಕರ ಸ್ಟಾಫ್ ಮೀಟಿಂಗ್ ಇದ್ಯಲ್ಲ, ಅದನ್ನೇ ಮೊದಲ ಮಾತುಕತೆ ಅಂತ ಬರೆದುಬಿಡಿ. ಇವತ್ತಿಗೆ ಮೂವತ್ತು ದಿನ ಮುಗೀತು."

"ಅವತ್ತು ಅವರು ಮಾತಾಡಿದ್ದು ಕಾಫಿ ಮೆಷಿನ್ ಬಗ್ಗೆ, ಸರ್. ಕೆಲಸ ಹೋಗುತ್ತೆ ಅಂತ ಯಾರೂ ಬಾಯಿ ಬಿಡಲಿಲ್ಲ. ವಿಡಿಯೋದಲ್ಲಿ ಕೂತು ಬರ್ಕೊಂಡವಳು ನಾನೇ."

"ಅದಕ್ಕೇ ನಿಮ್ಮನ್ನ ಕೇಳ್ತಿರೋದು." ಅವರು ದನಿ ತಗ್ಗಿಸಿದರು. "ಇಲ್ಲಿ ತೆಗೆಯೋರ ಲಿಸ್ಟಲ್ಲಿ ನಿಮ್ಮ ಹೆಸರೂ ಇದೆ, ಉಮಾವತಿ. ಇದೊಂದು ಮಾಡಿಕೊಡಿ, ನವೆಂಬರ್‌ವರೆಗೆ ನಿಮ್ಮ ವರ್ಕ್ ಪಾಸ್ ಕ್ಯಾನ್ಸಲ್ ಆಗದ ಹಾಗೆ ನೋಡ್ಕೋತೀನಿ. ಮಗಳದ್ದು ಪ್ರೈಮರಿ ಸಿಕ್ಸ್ ಎಕ್ಸಾಮ್ ಅಲ್ವಾ?"

ಪಾಸ್ ರದ್ದಾದರೆ ತಾಯಿ ಮಗಳು ಮೂವತ್ತು ದಿನದೊಳಗೆ ದೇಶ ಬಿಡಬೇಕು. ಮುಂದಿನ ಹೈಸ್ಕೂಲು ಯಾವುದೆಂದು ನಿರ್ಧರಿಸುವ ತೃಷಾಳ ಪರೀಕ್ಷೆಗೆ ಇನ್ನೂ ನಲವತ್ತೆರಡು ದಿನ.

"ನಮ್ಮ ಜೊತೆಗೂ ಮಾತುಕತೆ ಉಂಟಾ, ಸರ್?" ಸಿಟ್ಟಿಗೆ ಉಡುಪಿಯ ಮಾತೇ ಬಂತು.

"ಆ ರೂಲ್ ಇಲ್ಲಿಗೆ ಬರಲ್ಲ. ಸ್ವಲ್ಪ ಪ್ರಾಕ್ಟಿಕಲ್ ಆಗಿ."

"ಒಂಬತ್ತು ವರ್ಷ ಅವರ ಹೆರಿಗೆ ರಜೆ, ಅವರ ಬೆನ್ನುನೋವಿನ ಕುರ್ಚಿ, ಎಲ್ಲ ರೂಲ್ ನೋಡಿ ನಾನೇ ಕೊಡಿಸಿದ್ದೇನೆ. ಒಂದು ದಿನ ತಪ್ಪಿದ್ರೆ ನೀವೇ ಉಗೀತಿದ್ರಿ. ಈಗ ಅವರ ಮೂವತ್ತು ದಿನ ಕದ್ದು ನನ್ನ ಮಗಳ ಕೈಗೆ ಕೊಡ್ಬೇಕಾ? ಥೂ!"

ಸೀಟಿಗೆ ಬಂದವಳೇ ಜುಲೈ ಮೀಟಿಂಗಿನ ವರದಿಯನ್ನು ಇದ್ದ ಹಾಗೇ ಕಂಪನಿಯ ಲಂಡನ್ ವಕೀಲರಿಗೂ ಸ್ಟಾಫಿನ ಪ್ರತಿನಿಧಿಗಳಿಗೂ ಕಳಿಸಿದಳು. 'ಮಾತುಕತೆ ಇನ್ನೂ ಶುರುವಾಗಿಲ್ಲ' ಎಂದು ಮೇಲೆ ಒಂದು ಸಾಲು ಬರೆದಳು. ಸಂಜೆ ಐದರೊಳಗೆ, ನೋಟಿಸಿನ ಬದಲು ಒಂದು ತಿಂಗಳ ಸಂಬಳ ಕೊಟ್ಟು ಅವಳನ್ನು ಕೆಲಸದಿಂದ ತೆಗೆದು ಪಾಸ್ ಕ್ಯಾನ್ಸಲ್ ಮಾಡಿದರು.

ಯಿಶುನ್ ಬಡಾವಣೆಯ ಮನೆಯಲ್ಲಿ ತೃಷಾ ಎಲ್ಲ ಕೇಳಿಸಿಕೊಂಡಳು. "ಆ ಲಂಡನ್‌ನವರು ನಮ್ಮ ರಿಲೇಟಿವ್ಸಾ, ಅಮ್ಮಾ?"

"ಅಲ್ಲ."

"ದೆನ್ ಯಾಕೆ ಲೈಕ್ ದಟ್ ಮಾಡಿದೆ?"

ಉಮಾವತಿ ಸೂಟ್‌ಕೇಸ್ ಇಳಿಸಿದಳು.

ನಲವತ್ತೊಂದು ಜನಕ್ಕೆ ಮೂವತ್ತು ದಿನ ಸಿಕ್ಕಿತು. ತೃಷಾ ಪರೀಕ್ಷೆ ಬರೆಯಲಿಲ್ಲ.