ಹೆಬ್ಬೆಟ್ಟು

"ನಿಮ್ಮ ಯಜಮಾನರು ಅಲ್ಲಿ ಸುಖವಾಗಿದ್ದಾರಂತಮ್ಮ. ವರದಿ ಬಂದಿದೆ."

ದೆಹಲಿಯ ಸರ್ಕಾರಿ ಕಚೇರಿಯೊಂದರ ಗುಮಾಸ್ತ ಚಂದ್ರಮೋಹನ ಟೈಪು ಮಾಡಿದ ಹಾಳೆಯನ್ನು ಹರಿಣಾಕ್ಷಿಯ ಮುಂದಿಟ್ಟ. ಎಪ್ಪತ್ತೇಳರ ಆ ಬೇಸಿಗೆಗೆ, ಅವಳು ಕರೋಲ್‌ಬಾಗಿನಿಂದ ಬಸ್ಸು ಹಿಡಿದು ಈ ಮೇಜಿನೆದುರು ಬಂದು ಕೂರತೊಡಗಿ ಐದು ತಿಂಗಳಾಗಿತ್ತು. ಅಡಿಗೆ ಕೆಲಸಕ್ಕೆಂದು ಕೊಲ್ಲಿ ದೇಶಕ್ಕೆ ಹೋದ ಗಂಡ ರತ್ನಾಕರ ಅವಳಿಗೆ ಬರೆದಿದ್ದ: 'ಪಾಸ್‌ಪೋರ್ಟು ಕಿತ್ತಿಟ್ಟುಕೊಂಡಿದ್ದಾರೆ. ಹೊಡೆಯುತ್ತಾರೆ. ಹೇಗಾದರೂ ಕರೆಸಿಕೋ.' ಕಚೇರಿಯಲ್ಲಿ ಕನ್ನಡ ಬಲ್ಲವನು ಚಂದ್ರಮೋಹನ ಒಬ್ಬನೇ. ಆ ಪತ್ರವನ್ನು ಇಂಗ್ಲಿಷಿಗೆ ಇಳಿಸಿ ಫೈಲಿಗೆ ಸೇರಿಸಿದವನೂ ಅವನೇ. ಅಕ್ಷರ ನೋಡಿದ ಕೂಡಲೇ ಗುರುತು ಹತ್ತಿತ್ತು. ರತ್ನಾಕರ ಮೊದಲು ಕೆಲಸಕ್ಕಿದ್ದ, ಚಂದ್ರಮೋಹನ ಊಟಕ್ಕೆ ಹೋಗುವ ಹೋಟೆಲಿನ ಹಲಗೆಯ ಮೇಲೆ, ಹಿಂದಿಯ ಕೆಳಗೆ, 'ಇಂದು ಗೋಳಿಬಜೆ' ಎಂದು ಗುಂಡಗೆ ಬರೆಯುತ್ತಿದ್ದ ಕೈ ಅದು.

"ಯಾರು ಹೋಗಿ ನೋಡಿದ್ದು ಸಾರ್?"

"ನಮ್ಮ ರಾಯಭಾರ ಕಚೇರಿಯವರೇ. ಆ ಧಣಿಯ ಮನೆಗೇ ಹೋಗಿ ವಿಚಾರಿಸಿದ್ದಾರೆ."

ಹೋಗಿದ್ದೇನೋ ನಿಜ. ಧಣಿಯ ಸೋಫಾದ ಮೇಲೆ ಕೂತು, ಧಣಿಯ ಎದುರಿಗೇ ರತ್ನಾಕರನನ್ನು ಕೇಳಿದ್ದರು. ಧಣಿ ಕೊಡಿಸಿದ ಚಹಾವನ್ನೂ ಆದರಾತಿಥ್ಯವನ್ನೂ ಮೆಚ್ಚಿ ವರದಿಯಲ್ಲಿ ಒಂದು ಸಾಲು ಬೇರೆ! ಆ ಚಹಾ ಮಾಡಿಕೊಟ್ಟವನೂ ರತ್ನಾಕರನೇ ಇರಬೇಕು ಎಂದು ಓದುವಾಗಲೇ ಚಂದ್ರಮೋಹನನಿಗೆ ಅನಿಸಿತ್ತು. ಕಾಯುವ ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? 'ದೂರು ಇತ್ಯರ್ಥವಾಗಿದೆ' ಎಂದು ಕೊನೆಗೆ ತಾನೇ ಟಿಪ್ಪಣಿ ಬರೆದಿದ್ದ. ಮೇಲಿನವರು ಬರೆಯೆಂದಿದ್ದರು.

ಹರಿಣಾಕ್ಷಿ ಹಾಳೆಯ ಕೆಳತುದಿಗೆ ಬೆರಳಿಟ್ಟಳು. 'ನನಗೆ ಯಾವ ತೊಂದರೆಯೂ ಇಲ್ಲ' ಎಂಬ ಇಂಗ್ಲಿಷ್ ಹೇಳಿಕೆಯ ಅಡಿಯಲ್ಲಿ ನೀಲಿ ಗುರುತೊಂದಿತ್ತು.

"ಇದು ಎಂತದು ಸಾರ್?"

"ಅವರ ಹೆಬ್ಬೆಟ್ಟು."

"ನಮ್ಮವರಿಗೆ ಬರೀಲಿಕ್ಕೆ ಬರ್ತದೆ. ಅವರ ಕಾಗದ ನೀವೇ ಓದಿದ್ದೀರಲ್ಲ. ಇದನ್ನು ಒತ್ತಿಸಿದ್ದು ಯಾರು?"

ಚಂದ್ರಮೋಹನ ಸುತ್ತ ನೋಡಿದ. ಪಕ್ಕದ ಮೇಜಿನವರು ತಲೆಯೆತ್ತಿ ನೋಡುತ್ತಿದ್ದರು.

"ಮೇಲಿನವರಿಗೆ ಹೇಳಿ ನೋಡ್ತೀನಮ್ಮ," ಎಂದು ತೊದಲಿದ. ಹೇಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು, ಅವಳಿಗೂ. "ಸದ್ಯಕ್ಕೆ ವರದಿಯ ನಕಲು ಮುಟ್ಟಿದ್ದಕ್ಕೆ ಇಲ್ಲೊಂದು..." ಎನ್ನುತ್ತಿರುವಾಗಲೇ ಅವನ ಕೈ ರೂಢಿಯಂತೆ ಇಂಕ್ ಪ್ಯಾಡನ್ನು ಅವಳ ಕಡೆ ತಳ್ಳಿತು.

ಹರಿಣಾಕ್ಷಿ ಅದನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ಪೆನ್ನು ಕೊಡಿ ಸಾರ್," ಎಂದಳು.